ಫೀಡ್ ಸರಿ, ಲಸಿಕಿ ಸರಿ, ಆದ್ರೂ ಕೋಳಿ ಸಾಯಾಕತ್ತಾವ: ದೋಷ ಎಲ್ಲಿ ಹುಡುಕಬೇಕು

ಇದು ಲೇಯರ್, ಅಂದ್ರ ತತ್ತಿ ಕೋಳಿ ಶೆಡ್ ಇಟ್ಟವರಿಗೆ, ಮತ್ತ ಹಿತ್ತಲದಾಗ ಜವಾರಿ ಕೋಳಿ ಸಾಕಿ ತಾವ ಮರಿ ಮಾಡ್ಕೊಳ್ಳೋರಿಗೆ. ದೋಷ ಏನಂದ್ರ, ಫೀಡ್ ಟೈಮಿಗೆ ಬೀಳ್ತೈತಿ, ಲಸಿಕಿ ಎಲ್ಲಾ ಆಗ್ಯಾವ, ನಿಪ್ಪಲ್‌ನಾಗ ನೀರು ಬರ್ತೈತಿ, ಆದ್ರೂ ದಿನಾ ಒಂದೋ ಎರಡೋ ಕೋಳಿ ಹೋಗಾಕತ್ತಾವ, ಸತ್ತದ್ದನ್ನ ಎತ್ತಿ ನೋಡಿದ್ರ ಬೆನ್ನಾಗ ಪುಕ್ಕ ಇಲ್ಲ, ಇಲ್ಲಾ ತತ್ತಿ ಹಾಕೋ ಜಾಗ ಹರಿದು ಹೋಗೈತಿ. ಇಂಥಾದ್ದು ಕಂಡ ಕೂಡ್ಲೆ ಗಂಗಾವತಿ ಕಡೆ ಆಗ್ಲಿ ಸಿಂಧನೂರು ಕಡೆ ಆಗ್ಲಿ ಜನ ಮೊದ್ಲು ಮಾಡೋದು ಒಂದ ಕೆಲ್ಸ, ಮೆಡಿಕಲ್‌ಗೆ ಹೋಗಿ ಆಂಟಿಬಯಾಟಿಕ್ ತಂದು ನೀರಿಗೆ ಬೆರೆಸಿಬಿಡೋದು. ರೊಕ್ಕ ಹೋಗ್ತೈತಿ, ಸಾವು ನಿಲ್ಲಂಗಿಲ್ಲ. ಯಾಕಂದ್ರ ಬಾಳ ಸಲ ಸತ್ತ ಕೋಳಿಗೆ ಏನೂ ರೋಗ ಇರಂಗಿಲ್ಲ, ಅದರ ಜೋಡಿ ಇದ್ದ ಕೋಳಿ ಅದನ್ನ ಕುಕ್ಕಿ ಕುಕ್ಕಿ ಕೊಂದಿರ್ತೈತಿ. ನಾವು ಸತ್ತದ್ದಕ್ಕ ಔಷಧ ಹುಡುಕ್ತೀವಿ, ಕೊಂದದ್ದು ಅದೇ ಕೇಜಿನಾಗ ಆರಾಮ ನಿಂತಿರ್ತೈತಿ.

ಮೊದ್ಲು ಸತ್ತದ್ದನ್ನ ಕೈಯಾಗ ಹಿಡ್ರಿ

ಕುಕ್ಕಿ ಸತ್ತದ್ದೋ, ಸತ್ತ ಮ್ಯಾಲ ಕುಕ್ಕಿದ್ದೋ ಅನ್ನೋದು ಮೊದ್ಲನೇ ಪ್ರಶ್ನೆ. ಎರಡರಾಗೂ ಹಿಂದಿನ ಭಾಗ ಹರಿದಿರ್ತೈತಿ, ದೂರದಿಂದ ನೋಡಿದ್ರ ಫರಕ್ ಗೊತ್ತಾಗಂಗಿಲ್ಲ. ಗಾಯದ ಸುತ್ತ ಚರ್ಮ ಬಿಡಿಸಿ ನೋಡ್ರಿ. ಜೀವ ಇದ್ದಾಗ ಕುಕ್ಕಿದ್ರ ಮಾಂಸದೊಳಗ ರಕ್ತ ಇಳಿದು ಹೆಪ್ಪುಗಟ್ಟಿರ್ತೈತಿ, ಕಪ್ಪಗ ಕೆಂಪಗ ಕಾಣ್ತೈತಿ, ರಕ್ತ ಬಾಳ ಹೋದದ್ದಕ್ಕ ತಲಿ ಮ್ಯಾಲಿನ ಜುಟ್ಟು ಬಿಳಚಿಕೊಂಡಿರ್ತೈತಿ. ಸತ್ತ ಮ್ಯಾಲ ಕುಕ್ಕಿದ್ರ ಗಾಯ ಸಪ್ಪಗಿರ್ತೈತಿ, ಒಳಗ ರಕ್ತ ಇಳಿದಿರಂಗಿಲ್ಲ. ಎರಡನೇದ್ದು ಮೇವಿನ ಚೀಲ, ಅಂದ್ರ ಕುತ್ತಿಗಿ ಬುಡದಾಗಿನ ಗಂಟು, ಮುಟ್ಟಿ ನೋಡ್ರಿ. ತುಂಬಿದ್ರ, ಎದಿ ಮೂಳೆ ಮ್ಯಾಲ ಮಾಂಸನೂ ಚೊಲೋ ಇದ್ರ, ಆ ಕೋಳಿ ಸಾಯೋ ಹೊತ್ತಿನ ತನಕ ತಿಂದುಂಡು ಗಟ್ಟಿ ಇತ್ತು ಅಂತ ಅರ್ಥ. ಖಾಲಿ ಇದ್ದು ಎದಿ ಮೂಳೆ ಚಾಕು ಹಂಗ ಕೈಗೆ ಹತ್ತಿದ್ರ ಅದು ಬಾಳ ದಿನದಿಂದ ಸೊರಗಿತ್ತು, ಆವಾಗ ರೋಗ ಹುಡುಕ್ರಿ.

ಹಸಿರು ಭೇದಿ, ಕುತ್ತಿಗಿ ತಿರುಚೋದು, ಏದುಸಿರು ಬಿಡೋದು ಶೆಡ್ಡಿನ ತುಂಬಾ ಕಂಡ್ರ ಅದು ಕುಕ್ಕಾಟ ಅಲ್ಲ, ಕೊಕ್ಕರೆ ರೋಗ ಇರಬಹುದು, ಈ ಕೈಪಿಡಿ ಅಲ್ಲೇ ಬಿಟ್ಟು ಪಶು ಡಾಕ್ಟರ್‌ಗೆ ಫೋನ್ ಮಾಡ್ರಿ, ಪೋಸ್ಟ್‌ಮಾರ್ಟಮ್ ಮಾಡಿಸ್ರಿ. ಏಪ್ರಿಲ್ ಮೇ ತಿಂಗಳ ಮಧ್ಯಾನ ಮೂರು ನಾಕರ ಸುಮಾರಿಗೆ ದಪ್ಪ ದಪ್ಪ ಕೋಳಿ ಬಾಯಿ ಬಿಟ್ಕೊಂಡು ಸತ್ರ ಅದು ಬಿಸಿಲಿನ ಹೊಡೆತ. ರಾಯಚೂರು ಬಳ್ಳಾರಿ ಬಿಸಿಲು ಹೆಂಗಿರ್ತೈತಿ ಅಂತ ನಿಮಗ ಬೇರೆ ಹೇಳೋದು ಬ್ಯಾಡ.

ಎಲ್ಲಿ ಕುಕ್ಕ್ಯಾವ ಅನ್ನೋದನ್ನ ನೋಡ್ರಿ

ಗಾಯ ತಲಿ ಮ್ಯಾಲ, ಜುಟ್ಟಿನ ಮ್ಯಾಲ ಇದ್ರ ಅದು ಜಗಳ. ಯಾರು ಮೊದ್ಲು ತಿನ್ನಬೇಕು, ಯಾರು ಸರಿದು ನಿಲ್ಲಬೇಕು ಅನ್ನೋ ಜಗಳ. ಕೋಳಿ ಗುಂಪಿನಾಗ ಈ ಮೇಲು ಕೆಳಗು ಲೆಕ್ಕ ಇರ್ತೈತಿ ಅಂತ ನೂರು ವರ್ಷದ ಹಿಂದ, 1920ರ ಸುಮಾರಿಗೆ, ನಾರ್ವೆ ದೇಶದ ಥೋರ್ಲೀಫ್ ಶೆಲ್ಡರುಪ್-ಎಬ್ಬೆ ಅನ್ನೋರು ಕೋಳಿ ಮುಂದ ಕುಂತು ನೋಡಿ ನೋಡಿ ಬರೆದ್ರು. ಸಣ್ಣ ಗುಂಪಿನಾಗ ಒಂದನ್ನೊಂದು ಗುರುತು ಹಿಡಿತಾವ, ಒಮ್ಮೆ ಲೆಕ್ಕ ಕೂತ್ರ ಜಗಳ ತಾನಾಗೇ ಇಳೀತೈತಿ. ಹೊಸಾ ಕೋಳಿ ತಂದು ಬಿಟ್ರ, ಇಲ್ಲಾ ಎರಡು ಕೇಜಿನವನ್ನ ಕೂಡಿಸಿದ್ರ ಆ ಲೆಕ್ಕ ಮತ್ತ ಮೊದ್ಲಿಂದ ಶುರು. ಸತ್ತು ಖಾಲಿ ಆದ ಜಾಗಕ್ಕ ಬೇರೆ ಕೇಜಿಂದ ತಂದು ತುಂಬೋ ಅಭ್ಯಾಸ ನಮ್ಮ ಕಡೆ ಬಾಳ ಐತಿ, ಅದನ್ನ ದಯವಿಟ್ಟು ಬಿಡ್ರಿ, ಮೂರು ಇದ್ರ ಮೂರೇ ಇರ್ಲಿ.

ಗಾಯ ಬೆನ್ನು, ಬಾಲದ ಬುಡ, ತತ್ತಿ ಜಾಗದಾಗ ಇದ್ರ ಅದು ಬೇರೆ ಕಥಿ. ಅದು ಸಿಟ್ಟಿನಿಂದ ಬರೋದಲ್ಲ. ನೆಲ ಕೆದರಿ ಕಾಳು ಹುಡುಕೋ ಚುಂಚಿಗೆ ಕೆದರಾಕ ನೆಲ ಸಿಗಲಿಲ್ಲಾಂದ್ರ ಪಕ್ಕದ ಕೋಳಿ ಪುಕ್ಕ ಸಿಗ್ತೈತಿ. ಮೊದ್ಲು ಮೆಲ್ಲಕ ಎಳಿತೈತಿ, ಆಮ್ಯಾಲ ಕಿತ್ತು ತಿಂತೈತಿ, ಒಂದು ಹನಿ ರಕ್ತ ಬಂತಂದ್ರ ಉಳಿದವೂ ಕೂಡ್ತಾವ. ಇದನ್ನ ಗುರುತು ಹಿಡಿಯಾಕ ಒಂದು ಖಾತ್ರಿ ಉಪಾಯ ಐತಿ: ಭತ್ತದ ಹೊಟ್ಟು ಹಾಸಿದ ನೆಲದ ಶೆಡ್ ಆಗಿದ್ರ ಬಗ್ಗಿ ಆ ಹೊಟ್ಟಿನ ಹಾಸು ನೋಡ್ರಿ. ಆರೋಗ್ಯದ ಗುಂಪಿನಾಗ ಉದುರಿದ ಸಣ್ಣ ಪುಕ್ಕ ಅಲ್ಲಲ್ಲಿ ಬಿದ್ದಿರ್ತಾವ. ಕೋಳಿ ಮೈ ಬೋಳಾಗಿ, ನೆಲದ ಮ್ಯಾಲೂ ಪುಕ್ಕ ಇಲ್ಲಾಂದ್ರ ಅವು ಹೊಟ್ಟಿ ಸೇರ್ಯಾವ. ಆ ಶೆಡ್ಡಿನಾಗ ಇವತ್ತು ಸಾವು ಇಲ್ಲದಿದ್ರೂ ಮುಂದ ಬರ್ತೈತಿ ಅಂತ ತಿಳ್ಕೊಂಡು ಕೆಲ್ಸ ಶುರು ಮಾಡ್ರಿ.

ತತ್ತಿ ಜಾಗದ್ದು ಹೊಸದಾಗಿ ತತ್ತಿ ಶುರು ಮಾಡಿದ ಕೋಳಿಯಾಗ ಜಾಸ್ತಿ. ತತ್ತಿ ಹಾಕಿದ ಮ್ಯಾಲ ಒಳಗಿನ ಕೆಂಪು ಚರ್ಮ ಸ್ವಲ್ಪ ಹೊತ್ತು ಹೊರಗ ಕಾಣ್ತೈತಿ, ಹಸಿ ಹಸಿ ಮಿಂಚ್ತೈತಿ, ಹಿಂದ ನಿಂತದ್ದಕ್ಕ ಅದ ಕಣ್ಣಿಗೆ ಬೀಳೋದು. ಮೈ ಬೆಳೆಯೋಕಿಂತ ಮೊದ್ಲು ಲೈಟ್ ಜಾಸ್ತಿ ಕೊಟ್ಟು ತತ್ತಿಗೆ ತಂದ ಕೋಳಿ, ಅತಿಯಾಗಿ ಕೊಬ್ಬಿದ ಕೋಳಿ, ಎರಡು ಹಳದಿ ತತ್ತಿ ಹಾಕೋ ಕೋಳಿ, ಇವುಗಳಿಗೆ ಆ ಚರ್ಮ ಒಳಗ ಹೋಗಾಕ ತಡ ಆಗ್ತೈತಿ. ಟ್ರೇಗೆ ಜೋಡಿಸೋ ಮುಂದ ತತ್ತಿ ಸಿಪ್ಪಿ ಮ್ಯಾಲ ರಕ್ತದ ಗೆರಿ ಕಂಡ್ರ ಒರಸಿ ಮುಂದ ಹೋಗಬ್ಯಾಡ್ರಿ, ಅದು ಯಾವ ಸಾಲಿಂದ ಬಂತು ಅಂತ ಆರಿಸೋ ಅಕ್ಕನ್ನ ಕೇಳ್ರಿ. ಸಾವಿಗಿಂತ ಮುಂಚೆ ಸಿಗೋ ಸುದ್ದಿ ಅದು, ಮತ್ತ ಮಾಲೀಕನಿಗಿಂತ ಮೊದ್ಲು ಅದು ಗೊತ್ತಾಗೋದು ತತ್ತಿ ಆರಿಸೋರಿಗೇ.

ಲೆಕ್ಕ ಕೇಜಿನ ಪ್ರಕಾರ ಬರೀರಿ

ಇವತ್ತು ಎಷ್ಟು ಹೋದ್ವು ಅಂತ ಶೆಡ್ಡಿಗೊಂದು ನಂಬರ್ ಬರೀತೀವಿ, ಅದರಿಂದ ದೋಷ ಸಿಗಂಗಿಲ್ಲ. ಸಾಲು, ಮೇಲಿನ ಅಂತಸ್ತೋ ಕೆಳಗಿಂದೋ, ಕೇಜ್ ನಂಬರ್, ಗಾಯ ಎಲ್ಲಿ, ಅಷ್ಟು ಬರೀರಿ. ಹಳೇ ಕ್ಯಾಲೆಂಡರ್ ಹಿಂದಿನ ಬದಿಗೆ ಶೆಡ್ಡಿನ ನಕ್ಷೆ ಗೀಚಿ ಸತ್ತ ಕಡೆ ಪೆನ್ನಿಲೆ ಚುಕ್ಕಿ ಇಟ್ರೂ ಸಾಕು. ಕೆಲವೇ ವಾರದಾಗ ನಕ್ಷೆ ತಾನಾಗೇ ಮಾತಾಡ್ತೈತಿ.

ಚುಕ್ಕಿ ಶೆಡ್ ತುಂಬಾ ಚೆಲ್ಲಿದ್ರ ರೋಗ, ಫೀಡು, ನೀರು ಇಂಥಾದ್ದು, ಎಲ್ಲಾ ಕೋಳಿಗೂ ತಾಕೋದು. ಒಂದೇ ಬದಿಗೆ, ಅದೂ ಪಡುವಣ ಮಗ್ಗಲಿಗೆ ಮೇಲಿನ ಅಂತಸ್ತಿನಾಗ ಗುಂಪಾಗಿದ್ರ ಬಿಸಿಲು, ಬೆಳಕು. ಚುಕ್ಕಿ ಬಿಡಿ ಬಿಡಿ ಕೇಜಿನಾಗ ರಾಶಿ ಆಗಿದ್ರ, ಅಂದ್ರ ಒಂದು ಕೇಜಿನಾಗ ನಾಕರಾಗ ಮೂರು ಹೋಗ್ಯಾವ, ಅದರ ಎಡಕ್ಕ ಬಲಕ್ಕ ಇರೋ ಕೇಜಿನಾಗ ಒಂದೂ ಹೋಗಿಲ್ಲ, ಆವಾಗ ದೋಷ ಆ ಕೇಜಿನೊಳಗ ಉಳಿದ ಕೋಳಿಯಾಗ ಐತಿ. ಆ ಉಳಿದದ್ದರ ಪುಕ್ಕ ನೋಡ್ರಿ, ಬಾಳ ಸಲ ಮೈ ತುಂಬಾ ಪುಕ್ಕ ಇಟ್ಕೊಂಡು ಮಿಂಚತಿರ್ತೈತಿ. ಅಷ್ಟಕ್ಕೇ ಅದ ಕೊಲೆಗಾರ ಅಂತ ತೀರ್ಮಾನ ಮಾಡಬ್ಯಾಡ್ರಿ, ಸ್ವಲ್ಪ ದೂರ ಸದ್ದಿಲ್ಲದ ಕುಂತು ನೋಡ್ರಿ, ಚುಂಚು ಯಾರ ಮೈಗೆ ಹೋಗ್ತೈತಿ ಅಂತ. ಕುಕ್ಕೋದು ಖರೇ ಅಂತ ಕಂಡ್ರ ಒಂಟಿ ಕೇಜಿಗೆ ಹಾಕ್ರಿ. ಬೇರೆ ಕೇಜಿಗೆ ಹಾಕಿದ್ರ ಆ ಕೇಜಿನವೂ ಹೋಗ್ತಾವ, ಮತ್ತ ನೋಡಿ ಕಲಿತಾವ.

ಜಾಗದ್ದೋ ಗುಂಪಿನದ್ದೋ ಅನ್ನೋ ಡೌಟ್ ಇನ್ನೂ ಉಳಿದ್ರ ಒಂದು ಪರೀಕ್ಷೆ ಐತಿ. ಸಾವು ಆಗಾಕತ್ತಿದ ಕೇಜಿನ ಗುಂಪನ್ನ ಮುರೀದ ಹಂಗೇ ಎತ್ತಿ ಕತ್ತಲ ಆದ ಮ್ಯಾಲ ಸಾವಿಲ್ಲದ ಜಾಗದ ಕೇಜಿಗೆ ಹಾಕ್ರಿ, ಅಲ್ಲಿನ ಗುಂಪನ್ನ ಇಲ್ಲಿಗೆ. ಸಾವು ಗುಂಪಿನ ಹಿಂದ ಹೋದ್ರ ದೋಷ ಗುಂಪಿನದ್ದು. ಜಾಗದಾಗೇ ಉಳಿದ್ರ ಜಾಗದ್ದು. ಒಂದೇ ಜೋಡಿ ಕೇಜ್ ನೋಡಿ ನಂಬಬ್ಯಾಡ್ರಿ, ಮೂರು ನಾಕು ಕಡೆ ಮಾಡ್ರಿ.

ಮೊದ್ಲು ತಗೀಬೇಕಾದ ಕಾರಣ

ತಳಿ ಮ್ಯಾಲ ತಪ್ಪು ಹೊರಸೋಕಿಂತ ಮೊದ್ಲು ಇವನ್ನ ತಗೀರಿ. ಬೆಳಕು: ಸಂಜಿ ಬಿಸಿಲು ನೇರ ಕೇಜಿಗೆ ಹೊಡಿಯಾಕತ್ತಿದ್ರ ಗೋಣಿಚೀಲದ ಪರದೆ ಕಟ್ರಿ, ಕೋಳಿ ತಲಿ ಹತ್ರಾನೇ ತೂಗೋ ಪ್ರಖರ ಬಲ್ಬ್ ಮ್ಯಾಲ ಎತ್ರಿ. ಫೀಡು: ಪ್ರೋಟೀನ್, ಅದರಾಗೂ ಮಿಥಿಯೋನಿನ್ ಅನ್ನೋ ಪ್ರೋಟೀನಿನ ಅಂಶ, ಮತ್ತ ಉಪ್ಪು ಕಮ್ಮಿ ಬಿದ್ರ ಪುಕ್ಕದ ಮ್ಯಾಲ ಆಸೆ ಹುಟ್ತೈತಿ. ಗೋವಿನಜೋಳ ಸೋಯಾ ತಂದು ತಾವೇ ಬೀಸಿ ಬೆರೆಸೋರು ಪ್ರಿಮಿಕ್ಸ್ (ವಿಟಮಿನ್ ಖನಿಜದ ಪುಡಿ) ಮರೆತ್ರೋ, ಉಪ್ಪು ಒಂದು ಮೂಲ್ಯಾಗ ಉಳೀತೋ ನೋಡ್ಕೊಳ್ರಿ. ನೀರಿಗೆ ಅಂದಾಜಿಲೆ ಉಪ್ಪು ಸುರಿಯೋ ಸಲಹೆ ಯಾರಾರ ಕೊಟ್ರ ಕೇಳಬ್ಯಾಡ್ರಿ, ಕೋಳಿಗೆ ಉಪ್ಪು ಜಾಸ್ತಿ ಆದ್ರ ಅದ ವಿಷ. ಮ್ಯಾಶ್ (ಪುಡಿ ಫೀಡು) ತಿನ್ನೋಕ ಹೊತ್ತು ಬೇಕು, ಪೆಲೆಟ್ (ಗುಳಿಗಿ ಫೀಡು) ಬಡಾಬಡಾ ಮುಗೀತೈತಿ, ಉಳಿದ ಹೊತ್ತೆಲ್ಲಾ ಚುಂಚು ಖಾಲಿ. ನಾರಿನ ಅಂಶ ಜಾಸ್ತಿ ಇದ್ದ ಮೇವು ಕುಕ್ಕಾಟ ಇಳಿಸ್ತೈತಿ, ಗಂಗಾವತಿ ಕಾರಟಗಿ ಸಿರುಗುಪ್ಪ ಕಡೆ ರೈಸ್ ಮಿಲ್ಲಿಗೇನು ಬರ ಇಲ್ಲ, ತೌಡು ಸಿಗ್ತೈತಿ, ಎಷ್ಟು ಬೆರೆಸಬೇಕು ಅಂತ ಫೀಡ್ ಲೆಕ್ಕ ಗೊತ್ತಿದ್ದವರನ್ನ ಕೇಳಿ ಬೆರೆಸ್ರಿ. ನೆಲದ ಮ್ಯಾಲಿನ ಕೋಳಿಗೆ ನುಗ್ಗಿ ಸೊಪ್ಪಿನ ಕಟ್ಟು ತಲಿ ಎತ್ತರಕ್ಕ ಕಟ್ಟಿದ್ರ ಚುಂಚಿಗೆ ಕೆಲ್ಸ ಸಿಗ್ತೈತಿ.

ಫೀಡರ್ ಜಾಗ ಕೋಳಿಗೆ ಸುಮಾರು 10 ಸೆಂಟಿಮೀಟರ್ ಆದ್ರೂ ಬೇಕು, ಎಲ್ಲಾವೂ ಒಮ್ಮೆಲೆ ನಿಂತು ತಿನ್ನೋ ಹಂಗ. ಇನ್ನ ಉಣ್ಣಿ. ಇದನ್ನ ನಮ್ಮ ಬಿಸಿಲ ನಾಡಿನೋರು ಮರೀಲೇಬಾರದು. ಕೋಳಿ ಉಣ್ಣಿ ಹಗಲೆಲ್ಲಾ ಗ್ವಾಡಿ ಬಿರುಕಿನಾಗ, ಕಟ್ಟಿಗಿ ಸಂದ್ಯಾಗ ಅಡಗಿರ್ತೈತಿ, ರಾತ್ರಿ ಬಂದು ರಕ್ತ ಹೀರಿ ವಾಪಸ್ ಹೋಗ್ತೈತಿ, ಹಗಲು ಕೋಳಿ ಮೈ ನೋಡಿದ್ರ ಬಾಳ ಸಲ ಏನೂ ಕಾಣಂಗಿಲ್ಲ. ರಾತ್ರಿ ಟಾರ್ಚ್ ಹಿಡ್ಕೊಂಡು ಹೋಗಿ ನೋಡ್ರಿ. ನಿದ್ದಿ ಇಲ್ಲದ, ರಕ್ತ ಕಳ್ಕೊಂಡ ಕೋಳಿ ಒಂದನ್ನೊಂದು ಸುಮ್ಮನ ಬಿಡಂಗಿಲ್ಲ.

ಇಷ್ಟೆಲ್ಲಾ ಸರಿ ಇದ್ರೂ ನಿಲ್ಲಲಿಲ್ಲಾಂದ್ರ

ಆವಾಗ ತಳಿ ನೋಡಬೇಕು. ಇಲ್ಲಿ ನಾನು ಹೇಳಬೇಕಂತಿರೋದು ಬಾಳ ಜನಕ್ಕ ತಲಿಗೆ ಹತ್ತಿಲ್ಲದ ಮಾತು, ಸ್ವಲ್ಪ ನಿಧಾನ ಓದ್ರಿ.

ಒಂದು ಕೋಳಿ ಎಷ್ಟು ದಿನ ಬದುಕ್ತೈತಿ ಅನ್ನೋದು ಅದರ ಸ್ವಂತ ವಂಶದ ಗುಣ ಅಷ್ಟ ಅಲ್ಲ, ಜೋಡಿ ಇರೋ ಕೋಳಿಗಳ ವಂಶದ ಗುಣನೂ ಅದರಾಗ ಸೇರೈತಿ. ಕುಕ್ಕೋ ಚಾಳಿ ತಂದಿ ತಾಯಿಯಿಂದ ಮಕ್ಕಳಿಗೆ ಇಳಿತೈತಿ, ಆದ್ರ ಅದರ ಫಲ ಕುಕ್ಕಿದ್ದರ ರೆಕಾರ್ಡಿನಾಗ ಕಾಣಂಗಿಲ್ಲ, ಕುಕ್ಕಿಸಿಕೊಂಡು ಸತ್ತದ್ದರ ರೆಕಾರ್ಡಿನಾಗ ಕಾಣ್ತೈತಿ. ಈ ಲೆಕ್ಕದ ಗಣಿತ 1967ರಾಗೇ ಗ್ರಿಫಿಂಗ್ ಅನ್ನೋ ತಳಿ ವಿಜ್ಞಾನಿ ಬರೆದಿಟ್ಟಿದ್ರು. 2007ರಾಗ ನೆದರ್ಲ್ಯಾಂಡ್ಸ್‌ನ ವಾಗನಿಂಗನ್ ಯೂನಿವರ್ಸಿಟಿಯ ಪೀಟರ್ ಬೈಮಾ ಮತ್ತ ಜೊತೆಗಾರರು ಕೇಜಿಗೆ ನಾಕರಂತೆ ಇಟ್ಟ, ಚುಂಚು ಕತ್ತರಿಸದ ಲೇಯರ್ ಕೋಳಿಗಳ ಬದುಕಿನ ದಿನಗಳ ಮ್ಯಾಲ ಆ ಲೆಕ್ಕ ಹಾಕಿ ನೋಡಿದ್ರು. ಹಳೇ ರೀತಿ, ಬರೀ ಕೋಳಿ ಸ್ವಂತ ಗುಣ ಹಿಡಿದ್ರ, ಬದುಕಿನ ದಿನದ ವ್ಯತ್ಯಾಸದಾಗ ವಂಶದ ಪಾಲು 7 ಪರ್ಸೆಂಟ್ ಅಷ್ಟ. ಜೋಡಿದಾರರ ಮ್ಯಾಲ ಬೀಳೋ ಪರಿಣಾಮ ಸೇರಿಸಿದ್ರ 20 ಪರ್ಸೆಂಟ್. ಅಂದ್ರ ವಂಶದಾಗ ಇದ್ದದ್ದರ ಮೂರರಾಗ ಎರಡು ಪಾಲು ಇಷ್ಟು ದಿನ ಯಾರ ಕಣ್ಣಿಗೂ ಬೀಳದಂಗ ಪಕ್ಕದ ಕೋಳಿಯಾಗ ಕುಂತಿತ್ತು. ಇದನ್ನ ಓದಿದಾಗಿಂದ ನನಗ ಸತ್ತ ಕೋಳಿ ಎತ್ತಿ ಎಸೆದು ಸುಮ್ಮನಾಗೋದು ಆಗಂಗಿಲ್ಲ.

ಲೆಕ್ಕ ಹಿಂಗ ಐತಿ. ನಾಕು ಕೋಳಿ ಕೇಜಿನಾಗ ಒಂದು ಕೋಳಿ ವಂಶದ ಬೆಲೆ ಅಂದ್ರ ಅದರ ಸ್ವಂತದ್ದು, ಜೊತೆಗೆ ಅದು ಉಳಿದ ಒಂದೊಂದಕ್ಕ ಮಾಡೋದರ ಮೂರು ಪಟ್ಟು. ಉದಾಹರಣೆಗೆ ಅಂತ ತಿಳ್ಕೊಳ್ರಿ, ಒಂದು ಹ್ಯಾಟಿ (ಹೆಣ್ಣು ಕೋಳಿ) ಗುಣ ಅದಕ್ಕ 10 ದಿನ ಹೆಚ್ಚು ಆಯುಷ್ಯ ಕೊಡ್ತೈತಿ, ಆದ್ರ ಜೋಡಿದಾರರ ಒಂದೊಂದರಿಂದ 6 ದಿನ ಕಿತ್ಕೊಂತೈತಿ. 10ರಾಗ 18 ಕಳೀರಿ. ಕೇಜಿಗೆ 8 ದಿನ ಲುಕ್ಸಾನ. ಆದ್ರ ಆ ಹ್ಯಾಟಿ ಒಂದನ್ನಷ್ಟ ನೋಡಿದ್ರ ಎಲ್ಲಾಕಿಂತ ಗಟ್ಟಿ, ಎಲ್ಲಾಕಿಂತ ಚೊಲೋ ಕಾಣ್ತೈತಿ, ಮರಿ ಮಾಡಾಕ ನಾವು ಅದನ್ನೇ ಆರಿಸ್ತೀವಿ. ಕೇಜಿನಾಗ ಕೋಳಿ ಜಾಸ್ತಿ ಆದಂಗೆಲ್ಲಾ ಈ ಪಟ್ಟು ಬೆಳೀತೈತಿ, ಒಂಬತ್ತು ಇದ್ರ ಎಂಟು ಪಟ್ಟು.

ಹಂಗಾರ ಆರಿಸೋದು ಹೆಂಗ? ಅಮೆರಿಕದ ಪರ್ಡ್ಯೂ ಯೂನಿವರ್ಸಿಟಿಯ ವಿಲಿಯಂ ಮ್ಯೂರ್ ಇದಕ್ಕ ಉತ್ತರ ಮಾಡಿ ತೋರಿಸಿದ್ರು, 1996ರಾಗ ಪ್ರಕಟ ಆತು. ಒಂದು ಹುಂಜದ ಹೆಣ್ಣು ಮಕ್ಕಳನ್ನ, ಒಂದೇ ಕೇಜಿನಾಗ ಒಂಬತ್ತು, ಚುಂಚು ಕತ್ತರಿಸದ, ಬೆಳಕೂ ಕಮ್ಮಿ ಮಾಡದ ಇಟ್ರು, ಅಂದ್ರ ಕುಕ್ಕಾಟಕ್ಕ ಪೂರ್ತಿ ಅವಕಾಶ ಕೊಟ್ಟು. ಆಮ್ಯಾಲ ಒಂದೊಂದು ಕೋಳಿ ನೋಡದ ಇಡೀ ಕೇಜಿನ ಫಲ ನೋಡಿ, ಯಾವ ಹುಂಜದ ಮಕ್ಕಳ ಕೇಜು ಚೊಲೋ ಉಳೀತೋ ಆ ವಂಶ ಮುಂದ ತಗೊಂಡ್ರು. ಎರಡನೇ ತಲೆಮಾರಿನಾಗ ವರ್ಷಕ್ಕ 68 ಪರ್ಸೆಂಟ್ ಸಾಯ್ತಿದ್ವು, ನಾಕನೇ ತಲೆಮಾರಿಗೆ 8.8 ಪರ್ಸೆಂಟ್. ಆರಿಸದ ಅದೇ ತಳಿ ಕೋಳಿ ಒಂಟಿ ಕೇಜಿನಾಗ ಇದ್ರೂ 9.1 ಪರ್ಸೆಂಟ್ ಸಾಯ್ತಿದ್ವು, ಅಂದ್ರ ಒಂಬತ್ತು ಕೂಡಿ ಇದ್ರೂ ಒಂಟಿ ಇದ್ದಷ್ಟೇ ಸಾವು. ಇಟ್ಟ ಒಂದೊಂದು ಕೋಳಿಗೆ ವರ್ಷಕ್ಕ 91 ತತ್ತಿ ಬರ್ತಿದ್ದದ್ದು 237 ಆತು. ಫೀಡಿನಿಂದಲ್ಲ, ಔಷಧದಿಂದಲ್ಲ, ಆರಿಸೋ ರೀತಿ ಬದಲಿ ಮಾಡಿದ್ದರಿಂದ. ಒಂದು ಕೇಜಿನಾಗ ಒಂದೇ ವಂಶದವು ಇದ್ದದ್ದು ಇಲ್ಲಿ ಮುಖ್ಯ, ಯಾಕಂದ್ರ ಕುಕ್ಕೋ ಗುಣ ಇದ್ರ ಅದರ ಹೊಡೆತ ಅದೇ ವಂಶದ ಅಕ್ಕತಂಗೇರ ಮ್ಯಾಲ ಬಿದ್ದು ಆ ವಂಶದ ಲೆಕ್ಕದಾಗೇ ಕಾಣ್ತೈತಿ. ಬ್ಯಾರೆ ಬ್ಯಾರೆ ವಂಶ ಕಲಸಿಟ್ರ ಒಬ್ಬರ ತಪ್ಪು ಇನ್ನೊಬ್ಬರ ಲೆಕ್ಕಕ್ಕ ಹೋಗ್ತೈತಿ.

ಚುಂಚು ಕತ್ತರಿಸೋದರ ಬಗ್ಗೆ ಒಂದು ಮಾತು. ಡಿಬೀಕಿಂಗ್ ಮಾಡಿದ್ರ ಸಾವು ಇಳಿತೈತಿ, ಸುಳ್ಳಲ್ಲ. ಆದ್ರ ಕುಕ್ಕೋ ಗುಣ ಹಂಗೇ ಉಳೀತೈತಿ, ಬರೀ ಆಯುಧ ಮೊಂಡಾಗಿರ್ತೈತಿ, ಕೋಳಿಗೆ ನೋವಂತೂ ಖರೇ. ಸ್ವೀಡನ್ ನಾರ್ವೆದಂಥ ದೇಶದಾಗ ಅದನ್ನ ಮಾಡೋ ಹಂಗೇ ಇಲ್ಲ, ಅಲ್ಲಿ ಸಾಕೋ ರೀತಿಯಿಂದ, ತಳಿಯಿಂದ ಈ ಗುಣ ಇಳಿಸಬೇಕಾಗ್ತೈತಿ.

ಯಾರು ಏನು ಮಾಡೋಕ ಬರ್ತೈತಿ

ಹ್ಯಾಚರಿಯಿಂದ ಚಿಕ್ಸ್ ತರೋ ಲೇಯರ್‌ನೋರು ತಳಿ ಆರಿಸೋಕ ಬರಂಗಿಲ್ಲ, ಆದ್ರ ಬ್ಯಾಚ್ ರೆಕಾರ್ಡ್ ಇಡೋಕ ಬರ್ತೈತಿ. ಯಾವ ಬ್ಯಾಚ್, ಯಾವ ತಳಿ, ಕುಕ್ಕಿ ಸತ್ತದ್ದು ಎಷ್ಟು, ಬರೆದಿಟ್ಟು ಮುಂದಿನ ಆರ್ಡರ್ ಕೊಡೋ ಮುಂದ ಆ ಕಾಗದ ಮುಂದಿಟ್ಟು ಮಾತಾಡ್ರಿ. ಚಿಕ್ಸ್ ಇದ್ದಾಗ ಕೂಡಿ ಬೆಳೆದವನ್ನ ಕೂಡೇ ಕೇಜಿಗೆ ಹಾಕ್ರಿ, ವಯಸ್ಸು ಕಲಸಬ್ಯಾಡ್ರಿ.

ಜವಾರಿ ಸಾಕೋ ಅಕ್ಕಾರು ಅಣ್ಣಾರ ಕೈಯಾಗ ಇದಕ್ಕಿಂತ ಜಾಸ್ತಿ ಐತಿ, ಯಾಕಂದ್ರ ಮುಂದಿನ ತಲೆಮಾರು ನೀವೇ ಆರಿಸ್ತೀರಿ. ಒಂದೊಂದು ಹ್ಯಾಟಿ ಮರಿಗೆ ಒಂದೊಂದು ಬಣ್ಣದ ದಾರ ಕಾಲಿಗೆ ಸಡಿಲ ಕಟ್ರಿ, ಬೆಳೆದಂಗ ಬದಲಿಸ್ರಿ, ಆಗೋದಾದ್ರ ಒಂದು ತಾಯಿ ಮರಿಗಳನ್ನ ಒಂದೇ ಗೂಡಿನಾಗ ಬೆಳಸ್ರಿ. ಬೆಳೆದ ಮ್ಯಾಲ ಯಾವ ತಾಯಿ ಮರಿಗಳ ಗುಂಪು ಪೂರ್ತಿ ಉಳೀತು, ಪುಕ್ಕ ಚೊಲೋ ಐತಿ, ಅದರಾಗಿಂದ ಹ್ಯಾಟಿ ಹಿಡೀರಿ. ಹುಂಜ ಮಾತ್ರ ಬೇರೆ ಊರಿಂದ, ಇಂಥದ್ದೇ ಶಾಂತ ಗುಂಪಿಂದ ತರ್ರಿ, ಅಣ್ಣ ತಂಗಿ ಕೂಡಿಸಬ್ಯಾಡ್ರಿ. ಮೈ ದೊಡ್ಡದು, ಜುಟ್ಟು ಕೆಂಪು, ಅಂಗಳಕ್ಕ ಇದ ರಾಜ ಅಂತ ಮೆಚ್ಚಿ ಒಂದು ಹುಂಜ ಇಟ್ಕೊಳ್ಳೋ ಮೊದ್ಲು ಅದರ ಒಡಹುಟ್ಟಿದವು ಎಷ್ಟು ಉಳಿದಾವ ಅಂತ ಕೇಳ್ರಿ. ಅಸೀಲ್ ರಕ್ತ ಸೇರಿಸೋರು ಇದನ್ನ ಎರಡು ಸಲ ಕೇಳ್ರಿ, ಅದು ಜಗಳಕ್ಕಂತಲೇ ತಲೆಮಾರುಗಟ್ಟಲೆ ಆರಿಸಿದ ತಳಿ. ಗಿರಿರಾಜ ತಳಿ, ಬೆಂಗಳೂರು ಹೆಬ್ಬಾಳದ ವೆಟರ್ನರಿ ಕಾಲೇಜಿನವರು ಮಾಡಿದ್ದು, ಅದರ ಮರಿಯಿಂದ ಮರಿ ಮಾಡ್ತಾ ಹೋದ್ರ ಆ ತಳಿ ಗುಣ ಹಂಗೇ ಬರಂಗಿಲ್ಲ, ಅದನ್ನ ಪ್ರತಿ ಸಲ ಹೊಸ ಮರಿ ತರೋದೇ ಸರಿ.

ತಾಯಿ ಕೋಳಿ ರೆಕ್ಕಿ ಕೆಳಗ ಬೆಳೆದ ಮರಿ ದೊಡ್ಡವಾದ ಮ್ಯಾಲ ಕಮ್ಮಿ ಕುಕ್ಕತಾವ ಅಂತನೂ ಸಂಶೋಧನೆಯಾಗ ಕಂಡೈತಿ. ತಾಯಿ ನೆಲ ಕೆದರೋದು ಕಲಸ್ತಾಳ, ಮರಿ ಹೊತ್ತಿಗೆ ಸರಿಯಾಗಿ ಕತ್ತಲಾಗ ಮಲಗ್ತಾವ. ಬಲ್ಬ್ ಕೆಳಗ ಬೆಳಸೋರು ಒಂದು ಮೂಲ್ಯಾಗ ಬಿಸಿ ಇದ್ದೂ ಕತ್ತಲು ಇರೋ ಹಂಗ ಮುಚ್ಚಿದ ಜಾಗ ಮಾಡಿಕೊಟ್ರ ಸ್ವಲ್ಪ ಆ ಅನುಕೂಲ ಸಿಗ್ತೈತಿ.

ಇವತ್ತ ರಕ್ತ ಕಂಡ್ರ

ಗಾಯ ಆದದ್ದನ್ನ ಈಗಲೇ ಹೊರಗ ತಗೀರಿ, ಸಂಜಿ ತನಕ ಬಿಡಬ್ಯಾಡ್ರಿ. ತೊಳೆದು ಜೆನ್ಷನ್ ವಯಲೆಟ್ ಹಚ್ರಿ, ಆ ನೀಲಿ ಬಣ್ಣ ಗಾಯದ ಕೆಂಪು ಮುಚ್ಚತೈತಿ. ಸತ್ತದ್ದು ಕೇಜಿನಾಗ ಒಂದು ಗಳಿಗಿನೂ ಇರಬಾರದು. ವಾಸಿ ಆದದ್ದನ್ನ ವಾಪಸ್ ಬಿಡೋದಾದ್ರ ರಾತ್ರಿ ಬಿಡ್ರಿ, ಮರುದಿನ ಬೆಳಿಗ್ಗೆ ಫೀಡ್ ಹಾಕೋ ಹೊತ್ತಿಗೆ ಅಲ್ಲೇ ನಿಂತು ನೋಡ್ರಿ, ಮತ್ತ ಕುಕ್ಕಿದ್ರ ತಿರುಗಿ ತಗೀರಿ. ಆ ಕೇಜಿನ ನಂಬರ್, ಬ್ಯಾಚ್, ಗಾಯ ಇದ್ದ ಜಾಗ ಅವತ್ತೇ ಬರೀರಿ, ಉಳಿದ ಕೋಳಿದ್ದು ಪುಕ್ಕ ಹೆಂಗ ಐತಿ ಅನ್ನೋದನ್ನೂ ಅದರ ಪಕ್ಕಕ್ಕ ಬರೀರಿ.